ಲೆ ಮೋರ್ನ್: ಕಡಲಂಚಿನ ಕರಿಕಲ್ಲಿನ ಬೆಟ್ಟ

ಮೊದಲ ದಿನ: ಕಬ್ಬಿನ ನಡುವೆ ಕಲ್ಲಿನ ರಾಶಿ

ವಿಜಯಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಕಲಿಸುತ್ತ ಬಂದಿರುವ ನನಗೆ, ದಖ್ಖನ್ ಪ್ರಸ್ಥಭೂಮಿಯ ಪಾಠ ಶುರುವಾದ ದಿನ ಮಕ್ಕಳಿಗೆ ಗೋಳಗುಮ್ಮಟದ ಕಲ್ಲನ್ನು ನೆನಪಿಸುವುದು ರೂಢಿ. ಆ ಗುಮ್ಮಟ ಕಟ್ಟಿದ ಕರಿಕಲ್ಲು, ನಮ್ಮ ಎರೆಹೊಲದ ಮಣ್ಣು ಎರಡೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾದಿಂದ ಹುಟ್ಟಿದವು. ಆ ಲಾವಾ ಉಕ್ಕಿಸಿದ ಒಲೆ ಇನ್ನೂ ಆರಿಲ್ಲ. ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್‌ಗಳ ಬುಡ ಕಟ್ಟುತ್ತ ಬಂದು, ಈಗ ರಿಯೂನಿಯನ್ ದ್ವೀಪದಡಿ ಉರಿಯುತ್ತಿದೆ ಎಂದು ಪ್ರತಿವರ್ಷ ಹೇಳುತ್ತೇನೆ. ಹೇಳಿ ಹೇಳಿ ಬಾಯಿಪಾಠವಾಗಿದ್ದ ಈ ಮಾತನ್ನು ಒಮ್ಮೆಯಾದರೂ ಕಾಲಿನಿಂದ ಮುಟ್ಟಿ ನೋಡಬೇಕೆಂಬ ಆಸೆ ಈ ಆಗಸ್ಟಿನಲ್ಲಿ ಮಾರಿಷಸ್‌ನ ಲೆ ಮೋರ್ನ್ ಬೆಟ್ಟದಲ್ಲಿ ಕೈಗೂಡಿತು. ಜೊತೆಗೆ ಬಂದವನು ಕೊಲ್ಹಾರದ ಬಳಿ ಕಬ್ಬು ಬೆಳೆಯುವ ನನ್ನ ತಮ್ಮ. ಭಾರತೀಯರಿಗೆ ಮಾರಿಷಸ್‌ನಲ್ಲಿ ಇಳಿದ ಮೇಲೆಯೇ ವೀಸಾ ಸಿಗುವುದರಿಂದ ಅವನನ್ನು ಒಪ್ಪಿಸುವುದಷ್ಟೇ ನನಗಿದ್ದ ಕಷ್ಟದ ಕೆಲಸವಾಗಿತ್ತು.

ಮುಂಬೈಯಿಂದ ಆರು ತಾಸಿನ ವಿಮಾನ; ಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿಕೊಂಡು ಹೊರಗೆ ಬಂದಾಗ, ವಸತಿಗೃಹದವರು ಕಳಿಸಿದ್ದ ಟ್ಯಾಕ್ಸಿಯ ಚಾಲಕರು ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದರು. ಅರವತ್ತು ದಾಟಿದ ಅವರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ನಾವು ಮಹಾರಾಷ್ಟ್ರದ ಗಡಿಯವರೆಂದು ತಿಳಿದೊಡನೆ ಕಾರಿನ ವೇಗ ತಗ್ಗಿಸಿದರು. ಅವರ ಪೂರ್ವಿಕರು ಬಾಂಬೆಯಿಂದ ಹಡಗು ಹತ್ತಿ ಬಂದ ಮರಾಠಿಯವರಂತೆ. ಮನೆಯಲ್ಲಿ ಆಡುವುದು ಕ್ರಿಯೋಲ್, ಓದಿದ್ದು ಫ್ರೆಂಚ್ ಮತ್ತು ಇಂಗ್ಲಿಷ್. ಮರಾಠಿಯಲ್ಲಿ ಅವರಿಗೆ ಬರುವುದು ಗಣೇಶನ ಆರತಿ ಮಾತ್ರ. ಗಣೇಶ ಚತುರ್ಥಿಗೆ ಇಲ್ಲಿ ಸರ್ಕಾರಿ ರಜೆ ಇದೆ ಎಂಬುದನ್ನು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ತಮ್ಮ ಅವರನ್ನು ಆ ಕ್ಷಣದಿಂದಲೇ ‘ಕಾಕಾ’ ಎಂದು ಕರೆಯತೊಡಗಿದ.

ದಕ್ಷಿಣದ ಕರಾವಳಿ ಹಿಡಿದು ಸೂಯಾಕ್, ಬೆಲ್ ಓಂಬ್ರ್, ಬೇ ದ್ಯು ಕಾಪ್ ದಾಟಿ ಪಶ್ಚಿಮಕ್ಕೆ ಹೊರಳುವ ಈ ರಸ್ತೆ ದೊಡ್ಡದೇನಲ್ಲ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕಡಲು. ಅದು ಕಟಾವಿನ ಕಾಲವಾದ್ದರಿಂದ ಕಬ್ಬು ತುಂಬಿದ ಲಾರಿಗಳು ಎದುರಾಗುತ್ತಲೇ ಇದ್ದವು. ತಮ್ಮ ಕಿಟಕಿಗೆ ಮುಖವಿಟ್ಟು ಜಲ್ಲೆಯ ದಪ್ಪ, ಸಾಲಿನ ಅಂತರ ಅಳೆಯುತ್ತಿದ್ದವನು ಇದ್ದಕ್ಕಿದ್ದಂತೆ, “ಅಕ್ಕಾ, ಹೊಲದ ನಡುವ ಅದೇನು? ಗುಡಿ ಕೆಡವಿ ಹಾಕ್ಯಾರೇನು?” ಎಂದು ಕೇಳಿದ. ಕಬ್ಬಿನ ಹಸಿರಿನ ನಡುವೆ ಆಳೆತ್ತರದ, ಕೆಲವೆಡೆ ಎರಡಾಳೆತ್ತರದ ಕರಿಕಲ್ಲಿನ ರಾಶಿಗಳಿದ್ದವು. ಯಾವುದೋ ಹಳೆಯ ಕೋಟೆಯ ಅವಶೇಷಗಳಂತೆ ಕಾಣುತ್ತಿದ್ದ ಅವು ಉಳುಮೆಗೆ ಅಡ್ಡ ಬರುತ್ತಿದ್ದ ಕಲ್ಲುಗಳನ್ನು ಕೂಲಿಗಳು ಕೈಯಿಂದ ಎತ್ತಿ ಎತ್ತಿ ಪೇರಿಸಿಟ್ಟದ್ದು ಎಂದು ಕಾಕಾ ವಿವರಿಸಿದರು. ನಮ್ಮಲ್ಲಿ ಹೊಲದ ಕಲ್ಲು ಆರಿಸಿ ಬದುವಿಗೆ ಹಾಕುತ್ತಾರೆ. ಇಲ್ಲಿ ಬದುವಿಗೆ ಹಾಕಿ ಮುಗಿಯದಷ್ಟು ಕಲ್ಲು.

ಮಕೊಂಡೆಯ ತಿರುವಿನಲ್ಲಿ ರಸ್ತೆ ಕಡಲಿಗೆ ಬಾಗಿ ಬಂಡೆಯನ್ನು ಬಳಸಿ ಹೋಗುತ್ತದೆ. ಅದನ್ನು ದಾಟಿ ಸ್ವಲ್ಪ ಹೊತ್ತಿಗೆ ಲೆ ಮೋರ್ನ್ ಬ್ರಬಾಂ ಕಾಣಿಸಿತು. ಎತ್ತರ 556 ಮೀಟರ್ ಮಾತ್ರ. ನಮ್ಮ ಕುದುರೆಮುಖದವರು ಕೇಳಿದರೆ ನಕ್ಕಾರು. ಆದರೆ ಅದು ಸಮುದ್ರದ ಮಟ್ಟದಿಂದಲೇ, ನಡುವೆ ಯಾವ ಮೆಟ್ಟಿಲೂ ಇಲ್ಲದೆ, ಒಂದೇ ಉಸಿರಿಗೆ ಎದ್ದು ನಿಂತಿದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲದ ನಂಟು. ಲಾ ಗೋಲೆತ್ ಎಂಬ ಹಳ್ಳಿಯ ನಮ್ಮ ವಸತಿಗೃಹದ ಮಾಳಿಗೆಯಿಂದ ಅದರ ಬೆನ್ನು ಕಾಣುತ್ತಿತ್ತು. ಊರಿನ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆಂಬುದು ನಮಗೆ ತಡವಾಗಿ ತಿಳಿದದ್ದರಿಂದ, ಆ ರಾತ್ರಿ ಮನೆಯಿಂದ ತಂದಿದ್ದ ಖಡಕ್ ರೊಟ್ಟಿಯ ಡಬ್ಬಿಯನ್ನೇ ತೆರೆಯಬೇಕಾಯಿತು.

ಎರಡನೆಯ ದಿನ: ಹದಿನಾರು ಮೆಟ್ಟಿಲು

ಬೆಟ್ಟ ಹತ್ತುವ ಮೊದಲು ರಾಜಧಾನಿ ಪೋರ್ಟ್ ಲೂಯಿಗೆ ಹೋಗಿಬರುವುದು ನನ್ನ ಹಟ. ಮಾರಿಷಸ್‌ನಲ್ಲಿ ವಿಶ್ವ ಪರಂಪರೆಯ ತಾಣಗಳು ಎರಡೇ: 2006ರಲ್ಲಿ ಪಟ್ಟಿಗೆ ಸೇರಿದ, ಭಾರತದ ಕೂಲಿಗಳು ಬಂದಿಳಿದ ಆಪ್ರವಾಸಿ ಘಾಟ್; 2008ರಲ್ಲಿ ಸೇರಿದ, ಓಡಿಬಂದ ಗುಲಾಮರು ಅಡಗಿದ್ದ ಲೆ ಮೋರ್ನ್. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಅರ್ಧ ಕಥೆ ಕೇಳಿ ಎದ್ದುಬಂದಂತೆ.

ಬಂದರಿನ ಪಕ್ಕದ ಘಾಟ್ ಈಗ ಗದ್ದಲದ ರಸ್ತೆಯ ಬದಿಗೆ ಅಡಗಿ ಕುಳಿತಂತಿದೆ. ಅಲ್ಲಿ ಉಳಿದಿರುವುದು ಕೆಲವು ಕಲ್ಲಿನ ಗೋಡೆಗಳು, ಅಡುಗೆಮನೆಯ ಮತ್ತು ಆಸ್ಪತ್ರೆಯ ಕುರುಹುಗಳು, ಹಡಗಿನಿಂದ ಇಳಿದವರು ಏರಿ ಬಂದ ಹದಿನಾರು ಮೆಟ್ಟಿಲು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು 36 ಜನ ಕರಾರು ಕೂಲಿಗಳನ್ನು ತಂದಿಳಿಸಿತು. ಆಮೇಲೆ 1920ರವರೆಗೆ ಭಾರತದಿಂದ ಬಂದವರು ಹತ್ತಿರಹತ್ತಿರ ಐದು ಲಕ್ಷ. ಆ ಮೊದಲ ಹಡಗು ಬಂದ ಮೂರೇ ತಿಂಗಳಿಗೆ, 1835ರ ಫೆಬ್ರವರಿ 1ರಂದು, ಬ್ರಿಟಿಷರು ಇಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದರು. ರದ್ದಾದ ಮೇಲೂ ಬಿಡುಗಡೆಯಾದವರು 1839ರವರೆಗೆ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಅದೇ ಧಣಿಗಳ ಹೊಲದಲ್ಲಿ ದುಡಿಯಬೇಕಾಯಿತು. ತಮ್ಮ ಫಲಕವನ್ನು ಎರಡು ಸಲ ಓದಿಸಿ ಕೇಳಿಕೊಂಡು, “ಅಂದ್ರ ಹಳೇ ಆಳು ಬಿಟ್ಟು ಹೋಗೂ ಮೊದಲ ಹೊಸಾ ಆಳು ಗೊತ್ತು ಮಾಡ್ಕೊಂಡ್ರು” ಎಂದ. ನಾನು ಇದನ್ನು ಹೇಳಲು ತರಗತಿಯಲ್ಲಿ ಅರ್ಧ ತಾಸು ತೆಗೆದುಕೊಳ್ಳುತ್ತಿದ್ದೆ.

ಮಾರುಕಟ್ಟೆಯ ಬಳಿ ಗಾಜಿನ ಪೆಟ್ಟಿಗೆಯ ಗಾಡಿಯೊಂದರ ಮುಂದೆ ಉದ್ದ ಸಾಲಿತ್ತು. ಇಲ್ಲಿ ‘ಧೋಲ್ ಪುರಿ’ಯನ್ನು ಒಂದು ಕೊಡಿ ಎಂದು ಕೇಳುವ ಪದ್ಧತಿಯಿಲ್ಲ, ‘ಎನ್ ಪೇರ್’ ಎಂದು ಜೋಡಿಯಾಗಿಯೇ ಕೇಳಬೇಕು. ಬೇಯಿಸಿ ಪುಡಿ ಮಾಡಿದ ಹಳದಿ ಬೇಳೆಯನ್ನು ಒಳಗೆ ತುಂಬಿ, ಬೆಳಕು ಹಾಯುವಷ್ಟು ತೆಳ್ಳಗೆ ಲಟ್ಟಿಸಿ ಬೇಯಿಸಿದ ಮೆತ್ತನೆಯ ಹಾಳೆಗಳು. ಅವುಗಳ ಮೇಲೆ ದೊಡ್ಡ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ರುಗಾಯ್, ಕೊತ್ತಂಬರಿ ಚಟ್ನಿ, ಕೇಳಿದರೆ ಹಸಿಮೆಣಸಿನಕಾಯಿಯ ಖಾರ. ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ನಿಂತಲ್ಲೇ ತಿಂದೆವು. ಬೆಲ್ಲ ಹಾಕಲು ಮರೆತ ಹೋಳಿಗೆ ಎಂದು ತಮ್ಮ ತೀರ್ಪು ಕೊಟ್ಟ, ಆಮೇಲೆ ಇನ್ನೆರಡು ಜೋಡಿ ತಿಂದ. ಅಲೂದಾ ಎಂದು ಕರೆಯುವ ತಂಪು ಹಾಲಿನಲ್ಲಿ ಕಾಮಕಸ್ತೂರಿ ಬೀಜ ತೇಲುವುದನ್ನು ನೋಡಿ ಅದು ನಮ್ಮ ಫಲೂದಾದ ತಂಗಿ ಎಂದು ಗೊತ್ತಾಯಿತು.

ಮೂರನೆಯ ದಿನ: ತುಂತುರು

ಬೆಳಗಿನ ಆರೂವರೆಗೆ ಬೆಟ್ಟದ ಬುಡಕ್ಕೆ ಹೊರಟೆವು. ಮಾತು ಕೊಟ್ಟಿದ್ದ ಗೈಡ್, ಲಾ ಗೋಲೆತ್‌ನ ಮೀನುಗಾರರ ಮನೆಯ ಇಪ್ಪತ್ತೈದರ ಹುಡುಗ, ನಮಗಿಂತ ಮೊದಲೇ ಬಂದು ಆಕಾಶ ನೋಡುತ್ತ ಕುಳಿತಿದ್ದ. ದ್ವೀಪದ ಈ ಮೂಲೆ ಮಳೆ ಮರೆಯ ಕಡೆಯದು; ಪೂರ್ವದ ಗಾಳಿ ತಂದ ಮೋಡ ನಡುವಿನ ಎತ್ತರದ ಮೇಲೆ ಸುರಿದು ಮುಗಿಸಿಯೇ ಇಲ್ಲಿಗೆ ಬರುತ್ತದೆ. ಆಗಸ್ಟ್ ಒಣ ಕಾಲವೂ ಹೌದು. ಅಷ್ಟಿದ್ದೂ ಅಂದು ಜಿನುಗು ಮಳೆ. ಬೀಳುತ್ತಿದ್ದುದು ಛತ್ರಿ ಬಿಡಿಸಲೂ ಬೇಸರವಾಗುವಷ್ಟು ಸಣ್ಣ ಹನಿ, ಆದರೂ ಹುಡುಗ ತಲೆಯಾಡಿಸಿದ. ಒದ್ದೆಯಾದಾಗ ಮೇಲಿನ ಬಂಡೆ ಸೋಪು ಹಚ್ಚಿದಂತಾಗುತ್ತದೆ, ಹತ್ತಿದವರನ್ನು ಇಳಿಸುವುದು ನನ್ನಿಂದಾಗದು ಎಂದ. ಎರಡು ದಿನದ ಹಣ ಕೇಳುವ ಉಪಾಯವಿರಬಹುದೆಂದು ನನಗೊಂದು ಗುಮಾನಿ ಬಂದಿತ್ತು. ಮರುದಿನ ಆ ಬಂಡೆಯನ್ನು ಒಣಗಿದ್ದಾಗ ನೋಡಿದ ಮೇಲೆ ಮನಸ್ಸಿನಲ್ಲೇ ಅವನ ಕ್ಷಮೆ ಕೇಳಿದೆ. ಅವನು ಹಣವನ್ನೂ ಹೆಚ್ಚು ಕೇಳಲಿಲ್ಲ. ಈ ಬೆಟ್ಟಕ್ಕೆಂದೇ ಹೋಗುವವರು ಕೈಯಲ್ಲಿ ಒಂದು ದಿನ ಹೆಚ್ಚಿಟ್ಟುಕೊಳ್ಳುವುದು ಒಳ್ಳೆಯದು.

ಖಾಲಿ ಬಿದ್ದ ದಿನವನ್ನು ಕಾಕಾ ತುಂಬಿಸಿದರು. ಕಾಜ್ ನೊಯಾಲ್‌ನಿಂದ ಶಾಮರೆಲ್‌ಗೆ ಏರುವ ಸುರುಳಿ ರಸ್ತೆಯಲ್ಲಿ ಹಿಂದಿರುಗಿ ನೋಡಿದರೆ, ಮೋಡದ ಟೊಪ್ಪಿಗೆ ಹಾಕಿಕೊಂಡ ಲೆ ಮೋರ್ನ್ ಕೆಳಗೆ ಕಡಲಿಗೆ ಚಾಚಿತ್ತು. ಶಾಮರೆಲ್‌ನ ಏಳು ಬಣ್ಣದ ಮಣ್ಣು ಫೋಟೊಗಳಲ್ಲಿ ಕಾಣುವಷ್ಟು ಬೆಡಗಿನದಲ್ಲ, ಆವರಣವೂ ಚಿಕ್ಕದು. ಆದರೆ ಭೂಗೋಳದ ಮೇಷ್ಟ್ರಿಗೆ ಅದು ಬಿಚ್ಚಿಟ್ಟ ಪುಸ್ತಕ: ಅದೇ ಬಸಾಲ್ಟ್ ಕಲ್ಲು ಮಳೆಬಿಸಿಲಿಗೆ ಕೊಳೆತು, ಕರಗುವುದೆಲ್ಲ ತೊಳೆದುಹೋಗಿ, ಉಳಿದ ಕಬ್ಬಿಣ ಕೆಂಪು, ಕಂದುಗಳನ್ನೂ ಅಲ್ಯೂಮಿನಿಯಂ ನೀಲಿ, ನೇರಳೆಯ ಛಾಯೆಗಳನ್ನೂ ಕೊಟ್ಟಿವೆ. ಗುಡ್ಡಗುಡ್ಡವಾಗಿ ಮಡಿಸಿದ ಆ ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. “ಇಷ್ಟು ಚೆಂದದ ಮಣ್ಣು, ಒಂದು ಬದನಿಕಾಯಿ ಬೆಳಿಯಂಗಿಲ್ಲ” ಎಂದು ತಮ್ಮ ನಿಟ್ಟುಸಿರಿಟ್ಟ.

ಮಧ್ಯಾಹ್ನ ಗಂಗಾ ತಲಾವ್. ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ಕೆರೆ, ದಂಡೆಯಲ್ಲಿ ಗುಡಿಗಳು, ದಾರಿಯಲ್ಲಿ 33 ಮೀಟರ್ ಎತ್ತರದ ಶಿವ. ಕರಾವಳಿಯಲ್ಲಿ ತೋಳಿಲ್ಲದ ಅಂಗಿ ಸಾಕಾಗಿದ್ದ ನಮಗೆ ಇಲ್ಲಿ ಮಂಜು, ಗಾಳಿ, ಕೈಕಾಲು ಸೆಟೆಯುವ ಚಳಿ. ಒಂದು ತಾಸಿನ ಹಾದಿಯಲ್ಲಿ ಎರಡು ಋತು ಎಂಬುದನ್ನು ಗಂಟು ಕಟ್ಟುವಾಗಲೇ ಲೆಕ್ಕ ಹಾಕಬೇಕು. ಕಾಕಾ ಗಣೇಶನ ಮುಂದೆ ಕಣ್ಣು ಮುಚ್ಚಿ, ಪೂರ್ತಿ ಆರತಿಯನ್ನು ಒಂದಕ್ಷರ ತಪ್ಪದೆ ಹೇಳಿದರು. ಉಚ್ಚಾರದಲ್ಲಿ ಫ್ರೆಂಚಿನ ನಯವಿತ್ತು. ಮುಗಿಸಿ ಹೊರಬಂದ ಮೇಲೆ ನಡುವಿನ ಒಂದು ಸಾಲಿನ ಅರ್ಥ ಕೇಳಿದರು. ನಾವು ಅಕ್ಕ-ತಮ್ಮ ಜಗಳವಾಡುತ್ತ ಎರಡು ಅರ್ಥ ಹೇಳಿದೆವು.

ನಾಲ್ಕನೆಯ ದಿನ: ಬೆಟ್ಟ

ಆಕಾಶ ಶುಭ್ರವಾಗಿತ್ತು. ಗೇಟಿನಲ್ಲಿ ಕಾವಲಿನವರ ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆದು ಏಳು ಗಂಟೆಗೆ ಹೆಜ್ಜೆ ಹಾಕಿದೆವು. ಸಂಜೆಯೊಳಗೆ ಇಳಿದವರೆಷ್ಟು ಎಂದು ತಾಳೆ ನೋಡಲು ಅದು ಬೇಕು ಎಂದ ಗೈಡ್. ಹೋಗಿಬರುವ ದೂರ ಏಳು ಕಿಲೋಮೀಟರಿನಷ್ಟು ಮಾತ್ರ. ಮೊದಲ ಅರ್ಧ ಜೀಪು ಹೋಗುವ ಅಗಲದ ಮಣ್ಣಿನ ದಾರಿ, ಎರಡೂ ಕಡೆ ಮರಗಳ ನೆರಳು. ಸುಲಭವೆಂದು ಬೀಗುತ್ತ ಮುಕ್ಕಾಲು ತಾಸಿನಲ್ಲಿ ನೋಟದ ಕಟ್ಟೆ ತಲುಪಿದೆವು. ಅಲ್ಲಿಗೆ ನಿಂತು ಹಿಂತಿರುಗುವವರು ಬಹಳ ಜನ, ಅದೇನೂ ಅವಮಾನವಲ್ಲ. ಹವಳದ ದಿಬ್ಬಕ್ಕೆ ಬಡಿದು ಬಿಳಿ ಗೆರೆಯಾಗುವ ಅಲೆ, ಅದರೊಳಗಿನ ತಿಳಿನೀಲಿ ನೀರು, ಬೆನಿತಿಯೆ ದ್ವೀಪ ಎಲ್ಲವೂ ಅಲ್ಲಿಂದಲೇ ಕಾಣುತ್ತವೆ. ಅದರಾಚೆಗೆ ಹೋಗುವವರು ತಮ್ಮ ಜವಾಬ್ದಾರಿಯ ಮೇಲೆ ಹೋಗಬೇಕೆಂಬ ಫಲಕವಿದೆ.

ಫಲಕ ದಾಟಿದರೆ ಬೆಟ್ಟದ ಮುಖವೇ ಬದಲು. ಮೊದಲು ಕೆಂಪುಮಣ್ಣಿನ ಬೇರುಗಳ ಏಣಿ, ಆಮೇಲೆ ಬೇರೂ ಇಲ್ಲ, ಬರೀ ಬಂಡೆ. ತಮ್ಮ ತಲೆ ಎತ್ತಿ ನೋಡಿ, “ಅಕ್ಕಾ, ಇದು ಗುಡ್ಡ ಅಲ್ಲ, ಗ್ವಾಡಿ” ಎಂದ. “ಡುಸ್ಮಾಂ, ಡುಸ್ಮಾಂ” ಎನ್ನುತ್ತಿದ್ದ ಗೈಡ್. ನಿಧಾನ, ನಿಧಾನ ಎಂದರ್ಥ. ಯಾವ ಕಲ್ಲಿಗೆ ಯಾವ ಕೈ, ಯಾವ ಸಂದಿಗೆ ಯಾವ ಕಾಲು ಎಂದು ಅವನು ಹೇಳಿದಂತೆ ಏರುತ್ತ ಹೋದೆ. ಕೈಗವಸು ತರಲು ಅವನು ಹಿಂದಿನ ದಿನವೇ ಹೇಳಿದ್ದ, ನಾನು ಉದಾಸೀನ ಮಾಡಿದ್ದೆ. ಅಂಗೈ ಮೂರು ಕಡೆ ಕೆತ್ತಿಹೋಯಿತು.

ಆದರೆ ಬರಿಗೈಯಾದ್ದರಿಂದಲೇ ಕಲ್ಲು ಗುರುತು ಸಿಕ್ಕಿತು. ಒಂದು ಜಾಗದಲ್ಲಿ ಎದೆ ಬಂಡೆಗೆ ಅಂಟಿಸಿ ಉಸಿರು ತೆಗೆದುಕೊಳ್ಳುತ್ತ ನಿಂತಾಗ ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿ ಸಣ್ಣ ಸಣ್ಣ ಗುಂಡಿಗಳಿದ್ದವು, ಹೆಂಚಿನ ಮೇಲೆ ಉಬ್ಬಿ ಇಳಿದ ಜೋಳದ ರೊಟ್ಟಿಯ ಮೈಯಂತೆ. ಲಾವಾ ಆರುವಾಗ ಒಳಗಿನ ಗಾಳಿ ಹೊರಬಿದ್ದ ಕುರುಹು. ನಮ್ಮೂರ ಬಾವಿ ತೋಡುವಾಗ ಬರುವ ಕಲ್ಲಿನಲ್ಲೂ ಇಂಥವೇ ಗುಂಡಿಗಳಿರುತ್ತವೆ. ನಮ್ಮವು ಹಳೆಯವಾದ್ದರಿಂದ ಅನೇಕ ಕಡೆ ಬಿಳಿ ಹರಳು ತುಂಬಿಕೊಂಡಿವೆ, ಇಲ್ಲಿ ಇನ್ನೂ ಖಾಲಿ. ಮಾರಿಷಸ್ ಕಡಲಿನಿಂದ ಮೇಲೆದ್ದು ಒಂದು ಕೋಟಿ ವರ್ಷವೂ ಆಗಿಲ್ಲ. ಇಷ್ಟು ವರ್ಷ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದನ್ನು ಮೂಗಿನ ತುದಿಯಲ್ಲಿ ಕಂಡು, ಎಂಥ ಜಾಗದಲ್ಲಿ ನೇತಾಡುತ್ತಿದ್ದೇನೆಂಬುದು ಒಂದು ಗಳಿಗೆ ಮರೆತೇಹೋಯಿತು. ಕೆಳಗಿನಿಂದ ತಮ್ಮ, “ಪಾಠ ಮುಗೀತಂದ್ರ ಕಾಲು ಸರಿಸವ್ವಾ, ನಾ ಜೋತಬಿದ್ದೀನಿ” ಎಂದು ಕೂಗಿದ ಮೇಲೆ ಮುಂದೆ ಹೋದೆ.

ಹದಿನೆಂಟನೆಯ ಶತಮಾನದಲ್ಲಿ, ದ್ವೀಪ ಫ್ರೆಂಚರ ಕೈಯಲ್ಲಿದ್ದಾಗ, ಮಡಗಾಸ್ಕರ್, ಮೊಜಾಂಬಿಕ್‌ಗಳಿಂದಲೂ ಕೆಲವರನ್ನು ಭಾರತದಿಂದಲೂ ಗುಲಾಮರಾಗಿ ತಂದರು. ತೋಟದಿಂದ ತಪ್ಪಿಸಿಕೊಂಡವರನ್ನು ಮರೂನ್‌ಗಳೆಂದು ಕರೆಯುತ್ತಿದ್ದರು. ಒಂದು ತಿಂಗಳು ಓಡಿಹೋಗಿ ಸಿಕ್ಕಿಬಿದ್ದರೆ ಕಿವಿ ಕತ್ತರಿಸಿ ಭುಜದ ಮೇಲೆ ಬರೆ, ಎರಡನೆಯ ಸಲ ಮೊಣಕಾಲ ಹಿಂದಿನ ನರ ಕಡಿತ, ಮೂರನೆಯ ಸಲ ಮರಣ: 1723ರಲ್ಲಿ ಈ ದ್ವೀಪಗಳಿಗೆ ಹೊರಡಿಸಿದ ಕಾಯಿದೆ ಹೀಗಿತ್ತು. ಹಾಗೆ ಓಡಿಬಂದವರು ಈ ಬೆಟ್ಟದ ಗುಹೆಗಳಲ್ಲಿ, ನೆತ್ತಿಯ ಮೇಲೆ ನೆಲೆಸಿದ್ದರು. ಪುಸ್ತಕದಲ್ಲಿ ಓದಿದಾಗ ಅವರು ಇಷ್ಟು ದುರ್ಗಮ ಜಾಗವನ್ನು ಯಾಕೆ ಹುಡುಕಿಕೊಂಡರೋ ಎನಿಸಿತ್ತು. ಬಂಡೆಗೆ ಅಂಟಿ ನಿಂತಾಗ ಪ್ರಶ್ನೆಯೇ ತಲೆಕೆಳಗಾಯಿತು: ಇಲ್ಲಿ ಮೇಲೆ ಇದ್ದವನು ಒಂದು ಕಲ್ಲು ಉರುಳಿಸಿದರೆ ಸಾಕು, ಬಂದೂಕು ಹಿಡಿದವನೂ ನಮ್ಮಂತೆಯೇ ಎರಡೂ ಕೈ ಬಂಡೆಗೆ ಕೊಟ್ಟೇ ಬರಬೇಕಲ್ಲ.

ಒಂದು ಚಾಚಿನ ಮೇಲೆ ಗೈಡ್ ಕುಳ್ಳಿರಿಸಿ ಪೊದೆಯೊಂದನ್ನು ತೋರಿಸಿದ. ಕಿತ್ತಳೆಗೆಂಪು ಬಣ್ಣದ ಒಂದೇ ಗಂಟೆಹೂ ತಲೆಬಾಗಿ ನೇತಾಡುತ್ತಿತ್ತು. ಟ್ರೊಕೇಶಿಯ ಬೂಟೋನಿಯಾನ, ಮಾರಿಷಸ್‌ನ ರಾಷ್ಟ್ರೀಯ ಹೂ. ಕಾಡುಗಿಡವಾಗಿ ಅದು ಜಗತ್ತಿನಲ್ಲಿ ಉಳಿದಿರುವುದು ಈ ಒಂದು ಬೆಟ್ಟದ ಮೇಲೆ. ಊರವರು ಅದನ್ನು ‘ಕಿವಿಯೋಲೆ’ ಎನ್ನುತ್ತಾರೆ. ಕೈ ಹಚ್ಚಬಾರದೆಂದು ಎಚ್ಚರಿಸಿ, ಕೆಳಗಿನಿಂದ ಇಣುಕಲು ಹೇಳಿದ. ಒಳಗೆ ನಿಂತಿದ್ದ ಮಕರಂದ ಕೆಂಪಾಗಿತ್ತು. ಬಣ್ಣದ ಮಕರಂದ ನಾನು ಕಂಡದ್ದು ಅದೇ ಮೊದಲು.

ಇಲ್ಲಿಂದ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ನನ್ನ ಬಲಗಾಲಿನ ಬೂಟಿನ ಅಟ್ಟೆ ಮುಂದಿನಿಂದ ಕಿತ್ತು, ಕಪ್ಪೆ ಬಾಯಿ ತೆರೆದಂತೆ ತೆರೆದುಕೊಂಡಿತು. ಮೂರು ವರ್ಷ ಕಪಾಟಿನಲ್ಲಿಟ್ಟ ಬೂಟು. ನೋಡಲು ಹೊಸದು, ಅಂಟು ಒಣಗಿ ಪುಡಿಯಾಗಿದ್ದು ನನಗೆ ತಿಳಿದಿರಲಿಲ್ಲ. ಇಟ್ಟ ಬೂಟನ್ನು ಪ್ರವಾಸಕ್ಕೆ ಮೊದಲು ಊರಲ್ಲೇ ನಾಲ್ಕು ದಿನ ಹಾಕಿ ನಡೆದು ನೋಡುವ ಬುದ್ಧಿ ನನಗೆ 400 ಮೀಟರ್ ಎತ್ತರದಲ್ಲಿ ಬಂತು. ಹುಡುಗ ಗಾಬರಿಯಾಗಲಿಲ್ಲ. ಜೇಬಿನಿಂದ ಗಾಳದ ದಾರದ ಸಣ್ಣ ಸುರುಳಿ ತೆಗೆದು, ತಮ್ಮನ ಟವೆಲಿನ ಅಂಚು ಹರಿಸಿಕೊಂಡು ಪಾದದ ಮೇಲೆ ಮೆತ್ತೆಯಂತೆ ಇಟ್ಟು, ಅಟ್ಟೆಯಿಂದ ಮೇಲಕ್ಕೆ ಏಳೆಂಟು ಸುತ್ತು ಬಿಗಿದು, ಮೀನುಗಾರರ ಗಂಟು ಹಾಕಿದ. ಹಲ್ಲಿನಿಂದ ದಾರ ಕಡಿದು, “ನನ್ನ ಅಪ್ಪ ಇದರಲ್ಲಿ ನಿಮಗಿಂತ ಭಾರದ ಮೀನು ಎಳೆದಿದ್ದಾರೆ, ಮದಾಂ” ಎಂದ. ನಾನು ನಗುವುದೋ ಸಿಟ್ಟಾಗುವುದೋ ತಿಳಿಯದೆ ಎದ್ದು ನಿಂತೆ.

ಹತ್ತೂವರೆಗೆ ಶಿಲುಬೆ ಸಿಕ್ಕಿತು. ಸುಮಾರು 500 ಮೀಟರಿನಲ್ಲಿ ಒಂದು ಕಬ್ಬಿಣದ ಶಿಲುಬೆ ನೆಟ್ಟಿದ್ದಾರೆ. ದಾರಿ ಅಲ್ಲಿಗೆ ಮುಗಿಯುತ್ತದೆ. ಅದು ನಿಜವಾದ ನೆತ್ತಿಯಲ್ಲ. ನೆತ್ತಿ ಇನ್ನೂ ಆಚೆಗಿದೆ, ನಡುವೆ ಬೆಟ್ಟವನ್ನು ಕೊಡಲಿಯಿಂದ ಕಡಿದಂತೆ ಒಂದು ಕಂದರ. ಮರೂನ್‌ಗಳು ಅದರ ಮೇಲೆ ಮರದ ದಿಮ್ಮಿ ಹಾಸಿ ದಾಟುತ್ತಿದ್ದರು, ಬೆನ್ನಟ್ಟಿ ಬಂದರೆ ದಿಮ್ಮಿ ಎಳೆದುಕೊಳ್ಳುತ್ತಿದ್ದರು ಎಂದು ಹುಡುಗ ಅಜ್ಜಿಯಿಂದ ಕೇಳಿದ್ದನ್ನು ಹೇಳಿದ. ಆ ಅಜ್ಜಿ ಬೆಟ್ಟದ ನೆರಳಲ್ಲೇ ಬದುಕಿದವರು, ಒಂದು ದಿನವೂ ಇದನ್ನು ಹತ್ತಲಿಲ್ಲವಂತೆ. “ಅಲ್ಲಿ ನಮ್ಮವರು ಸತ್ತಿದ್ದಾರೆ, ನೋಡಲು ಏನಿದೆ?” ಎನ್ನುತ್ತಿದ್ದರಂತೆ.

ಬಾಯಿಂದ ಬಾಯಿಗೆ ಬಂದ ಕಥೆ ಇಷ್ಟು. ಗುಲಾಮಗಿರಿ ರದ್ದಾದ ಸುದ್ದಿ ತಿಳಿಸಲು ಸಿಪಾಯಿಗಳ ಒಂದು ಗುಂಪು ಬೆಟ್ಟ ಹತ್ತಿತು. ಮೇಲಿದ್ದವರು ತಮ್ಮನ್ನು ಹಿಡಿಯಲು ಬಂದರೆಂದೇ ತಿಳಿದರು. ಸಂಕೋಲೆಗಿಂತ ಸಾವು ಲೇಸೆಂದು ಬಂಡೆಯಂಚಿನಿಂದ ಹಾರಿದರು. ಇದನ್ನು ಹೇಳುವಾಗ ಹುಡುಗ ಅಂಚಿನ ಕಡೆ ಕೈ ತೋರಿಸಲಿಲ್ಲ, ನಾವೂ ಅತ್ತ ಹೋಗಲಿಲ್ಲ. ಕೆಳಗೆ ನೀಲಿ ನೀರಿನಲ್ಲಿ ಗಾಳಿಪಟ ಕಟ್ಟಿಕೊಂಡು ತೇಲುವವರ ಬಣ್ಣಬಣ್ಣದ ಚುಕ್ಕೆಗಳು ಓಡಾಡುತ್ತಿದ್ದವು. ಉದ್ದ ಬಾಲದ ಬಿಳಿ ಹಕ್ಕಿಯೊಂದು ನಮ್ಮ ಕಾಲಿಗಿಂತ ಕೆಳಗೆ ಹಾರಿಹೋಯಿತು. ಕಡಲೊಳಗೆ ಜಲಪಾತ ಬೀಳುವಂತೆ ಕಾಣುವ ಇಲ್ಲಿನ ಪ್ರಸಿದ್ಧ ಚಿತ್ರವನ್ನು ನೆನೆದು ಹತ್ತುವವರಿಗೆ ಒಂದು ಮಾತು: ಮರಳು ಆಳಕ್ಕೆ ಜಾರುವ ಆ ನೋಟ ಪೂರ್ತಿಯಾಗಿ ದಕ್ಕುವುದು ಹೆಲಿಕಾಪ್ಟರಿನಲ್ಲಿ ಹೋದವರಿಗೆ, ಇಲ್ಲಿಂದ ಬಣ್ಣಗಳ ಅಂಚು ಮಾತ್ರ ತಿಳಿಯುತ್ತದೆ. ನೈಋತ್ಯಕ್ಕೆ ದಿಗಂತದಲ್ಲಿ ರಿಯೂನಿಯನ್ ಇರಬೇಕಾದ ಕಡೆ ಮೋಡದ ಗೋಡೆಯಿತ್ತು. ನನ್ನ ಪಾಠದ ಒಲೆ ಅದರ ಹಿಂದೆ ಉಳಿಯಿತು.

ಬುತ್ತಿ ಬಿಚ್ಚಿದರೆ ಖಡಕ್ ರೊಟ್ಟಿಗಳು ಬಂಡೆಗೆ ತಾಗಿ ತಾಗಿ ಮಾದಲಿಗೆ ಸಾಕಾಗುವಷ್ಟು ಪುಡಿಯಾಗಿದ್ದವು. ಅದಕ್ಕೇ ಶೇಂಗಾ ಚಟ್ನಿ ಕಲಸಿ ಮೂವರೂ ಡಬ್ಬಿಯ ಮುಚ್ಚಳದಲ್ಲಿ ತಿಂದೆವು. ಹುಡುಗ ಎರಡು ಸಲ ಹಾಕಿಸಿಕೊಂಡು, ಇಷ್ಟು ಖಾರ ತಿಂದು ಬೆಳೆದವರು ಇನ್ನೂ ಬೇಗ ಹತ್ತಬೇಕಿತ್ತು ಎಂದ. ತಮ್ಮ ಗುಂಡಿಗಳಿದ್ದ ಪುಟ್ಟ ಕಲ್ಲೊಂದನ್ನು ನೆನಪಿಗೆಂದು ಜೇಬಿಗೆ ಹಾಕಿದ್ದನ್ನು ಅವನು ನೋಡಿದ್ದ. ಗದರಿಸಲಿಲ್ಲ, “ಅದು ಇಲ್ಲೇ ಇರಲಿ” ಎಂದಷ್ಟೇ ಹೇಳಿ ಕೈ ಚಾಚಿದ.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ. ಬೆಟ್ಟದ ಕಡೆ ಮುಖ ಮಾಡಿ, ಕಾಣದ ಕಾಲಿನಿಂದ ಕಾಣದ ಕಲ್ಲನ್ನು ತಡಕುತ್ತ, ಕೆಲವು ಕಡೆ ಕುಳಿತೇ ಜಾರಿದೆ. ನನ್ನ ಎರಡು ಲೀಟರ್ ನೀರು ಅರ್ಧ ದಾರಿಗೆ ಮುಗಿಯಿತು, ತಮ್ಮನದರಲ್ಲಿ ಪಾಲು ಪಡೆದೆ. ಸೊಂಟಕ್ಕೆ ಸ್ಪೀಕರ್ ಕಟ್ಟಿ ಹಾಡು ಹಾಕಿಕೊಂಡು ಮಧ್ಯಾಹ್ನದ ಬಿಸಿಲಿಗೆ ಏರಿಬರುತ್ತಿದ್ದ ನಾಲ್ಕೈದು ಜನ ರಬ್ಬರ್ ಚಪ್ಪಲಿಯಲ್ಲಿದ್ದರು. ಗಾಳದ ದಾರದ ಬೂಟಿನವಳಾದ ನನಗೆ ಬುದ್ಧಿ ಹೇಳುವ ಅಧಿಕಾರ ಉಳಿದಿರಲಿಲ್ಲ. ಗೇಟು ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಆ ಗಂಟು ಕೊನೆಯವರೆಗೂ ಸಡಿಲಲಿಲ್ಲ, ಬಿಚ್ಚಲು ಕತ್ತರಿಯೇ ಬೇಕಾಯಿತು.

ಬುಡದಲ್ಲಿ, ಕಡಲಿಗೆ ಹತ್ತಿರ, 2009ರ ಫೆಬ್ರವರಿ 1ರಂದು ತೆರೆದ ಗುಲಾಮ ಮಾರ್ಗದ ಸ್ಮಾರಕವಿದೆ: ಹುಲ್ಲಿನ ಬಯಲಿನಲ್ಲಿ ಬೇರೆ ಬೇರೆ ದೇಶಗಳ ಶಿಲ್ಪಿಗಳು ಕಡೆದ ಕಲ್ಲುಗಳು. ನನಗೆ ಅವುಗಳ ನಡುವೆ ನಡೆಯುವ ಕಸುವಿರಲಿಲ್ಲ. ಮರದಡಿ ಕುಳಿತು, ಗಾಡಿಯವಳೊಬ್ಬಳು ಉಪ್ಪು, ಮೆಣಸು, ಹುಣಸೆಯ ನೀರಲ್ಲಿ ಅದ್ದಿ ಕೊಟ್ಟ ಅನಾನಸನ್ನು ಬರಿಗಾಲಲ್ಲಿ ತಿಂದೆ. ಅಲ್ಲಿಂದ ಬೆಟ್ಟದ ಗೋಡೆ ಪೂರ್ತಿ ಕಾಣುತ್ತದೆ. ನಾವು ಹತ್ತಿದ ದಾರಿ ಎಲ್ಲಿತ್ತೆಂದು ಎಷ್ಟು ಹುಡುಕಿದರೂ ಗುರುತು ಸಿಗಲಿಲ್ಲ.

ಐದನೆಯ ದಿನ: ಹಿಂದಿರುಗುವ ದಾರಿ

ತೊಡೆಗಳು ಮೆಟ್ಟಿಲಿಳಿಯಲು ಒಪ್ಪದಿದ್ದುದರಿಂದ ವಸತಿಗೃಹದ ಒಡತಿ ತಿಂಡಿಯನ್ನು ಮಾಳಿಗೆಗೇ ತಂದರು. ಅವರು ಕೊಟ್ಟ ಗಾತೊ ಪಿಮಾ ನಮ್ಮ ಬೇಳೆವಡೆಯೇ, ಇನ್ನೂ ಪುಟ್ಟದು. ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನೊಳಗೆ ಇಟ್ಟು ತಿನ್ನಬೇಕಂತೆ. ತಮ್ಮನಿಗೆ ಅದು ಸರಿಬರಲಿಲ್ಲ, ನನಗೆ ಬಂತು. ಬೂಟುಗಳನ್ನು ಅಲ್ಲೇ ಬಿಟ್ಟು ಚಪ್ಪಲಿಯಲ್ಲಿ ಹೊರಟೆ.

ಕಾಕಾ ಬೇಗ ಬಂದಿದ್ದರು. ಬೆಲ್ ಓಂಬ್ರ್ ದಾಟಿದ ಮೇಲೆ ನನ್ನ ತಮ್ಮ ಕಾರು ನಿಲ್ಲಿಸಲು ಕೇಳಿ, ಕಟಾವಾದ ಹೊಲವೊಂದರ ಕಲ್ಲಿನ ರಾಶಿಯ ಹತ್ತಿರ ಹೋದ. ತರಗು ಬಿದ್ದ ನೆಲದಲ್ಲಿ ಅದು ಮೊದಲ ದಿನ ಕಂಡದ್ದಕ್ಕಿಂತ ದೊಡ್ಡದಾಗಿ ಕಂಡಿತು. ಅಂಚಿನ ಒಂದು ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಎದೆಯ ಮಟ್ಟಕ್ಕೆ ತಂದು, “ಮಣ ಹತ್ತಿರ ಐತಿ” ಎಂದು ತೂಕ ಹೇಳಿ, ತೆಗೆದ ಕುಳಿಯಲ್ಲೇ ತಿರುಗಿ ಕೂಡಿಸಿದ. ಒಬ್ಬ ಆಳು ದಿನಕ್ಕೆ ಇಂಥವು ಎಷ್ಟು ಎತ್ತಬಹುದೆಂದು ಅವನು ಲೆಕ್ಕ ಹಾಕುತ್ತಿದ್ದಾಗ ಕಾಕಾ ಕೂಡ ಇಳಿದು ಬಂದರು. ತಮ್ಮ ಮುತ್ತಜ್ಜ ಈ ಕಡೆಯ ಹೊಲಗಳಲ್ಲೇ ದುಡಿದವರು, ಯಾವ ಹೊಲವೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಪಾರ್ಕಿಂಗ್ ಚೀಟಿ ತೆಗೆದು, ಮೊನ್ನೆ ಹೇಳಿದ ಸಾಲಿನ ಎರಡು ಅರ್ಥಗಳಲ್ಲಿ ಸರಿಯಾದದ್ದು ಯಾವುದೆಂದು ನಿಧಾನವಾಗಿ ಹೇಳುವಂತೆ ಕೇಳಿದರು. ತಮ್ಮ ಹೇಳಿದ, ಅವರು ಕಾರಿನ ಬಾನೆಟ್ಟಿನ ಮೇಲಿಟ್ಟು ಫ್ರೆಂಚ್ ಅಕ್ಷರಗಳಲ್ಲಿ ಬರೆದುಕೊಂಡರು. ಹಿಂದಿನಿಂದ ಕಬ್ಬಿನ ಲಾರಿಯೊಂದು ದಾರಿ ಬಿಡಿರೆಂದು ಹಾರ್ನ್ ಹೊಡೆಯಿತು. ನಾವು ಕಾರು ಹತ್ತಿದೆವು.